ಅಲಕನಂದೆಯ ಕಣಿವೆ: ನದಿಯ ಭೂಗೋಳ ಮತ್ತು ಜನವಸತಿಯ ಇತಿಹಾಸ

ನಮ್ಮ ಇತಿಹಾಸ ಗ್ರಂಥಗಳಲ್ಲಿ ನದಿಗಳಿಗೆ ಸಲ್ಲುವ ಸ್ಥಾನ ಬಹುಮಟ್ಟಿಗೆ ಮೊದಲ ಅಧ್ಯಾಯಕ್ಕೆ ಸೀಮಿತವಾದದ್ದು. ‘ಭೌಗೋಳಿಕ ಹಿನ್ನೆಲೆ’ ಎಂಬ ಶಿರೋನಾಮದ ಕೆಳಗೆ ಪರ್ವತಗಳನ್ನೂ ನದಿಗಳನ್ನೂ ಹೆಸರಿಸಿ, ಅವು ದೇಶದ ರಕ್ಷಣೆಗೂ ವ್ಯವಸಾಯಕ್ಕೂ ಹೇಗೆ ನೆರವಾದುವೆಂದು ನಾಲ್ಕು ಮಾತು ಹೇಳಿ, ಗ್ರಂಥಕರ್ತರು ರಾಜವಂಶಗಳ ವಿಚಾರಕ್ಕೆ ತಿರುಗುತ್ತಾರೆ. ಅಲ್ಲಿಂದ ಮುಂದೆ ನದಿ ರಂಗಸ್ಥಳದ ಹಿಂದಿನ ತೆರೆಯಂತೆ ನಿಶ್ಚಲವಾಗಿ ನಿಂತುಬಿಡುತ್ತದೆ. ಬಯಲುಸೀಮೆಯ ನದಿಗಳ ಮಟ್ಟಿಗೆ ಈ ಕ್ರಮದಿಂದ ಹೆಚ್ಚಿನ ಹಾನಿಯಿಲ್ಲದಿರಬಹುದು. ಹಿಮನದಿಗಳಿಂದ ಹುಟ್ಟಿ ಕಡಿದಾದ ಕಣಿವೆಗಳಲ್ಲಿ ಇಳಿಯುವ ಪರ್ವತನದಿಯ ವಿಷಯದಲ್ಲಿ ಮಾತ್ರ ಇದು ಸಲ್ಲದು. ಅಲ್ಲಿ ಊರಿಗೆ ನೆಲ ಕೊಡುವುದೂ ನದಿಯೇ, ಕೊಟ್ಟ ನೆಲವನ್ನು ಹಿಂದಕ್ಕೆ ಪಡೆಯುವುದೂ ನದಿಯೇ. ಗಂಗೆಯ ಎರಡು ಮೂಲಧಾರೆಗಳಲ್ಲಿ ಹಿರಿದಾದ ಅಲಕನಂದೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ನದಿಯ ಹಾದಿ

ಗಢವಾಲದ ಉತ್ತರದಂಚಿನಲ್ಲಿ, ಬದರೀನಾಥದಿಂದ ಪಶ್ಚಿಮಕ್ಕೆ, ಸತೋಪಂಥ ಮತ್ತು ಭಗೀರಥ ಖರಕ ಎಂಬ ಎರಡು ಹಿಮನದಿಗಳು ಒಂದನ್ನೊಂದು ಸಮೀಪಿಸುತ್ತವೆ. ಹಿಮನದಿಯೆಂದರೆ ನೀರಿನ ಪ್ರವಾಹವಲ್ಲ. ಶತಮಾನಗಳ ಹಿಮ ಒತ್ತಿ ಗಟ್ಟಿಯಾಗಿ, ತನ್ನ ಭಾರದಿಂದಲೇ ಮೆಲ್ಲನೆ ಜಾರುವ ಮಂಜುಗಡ್ಡೆಯ ರಾಶಿ. ಸಮುದ್ರಮಟ್ಟದಿಂದ ಸುಮಾರು ೩,೮೦೦ ಮೀಟರು ಎತ್ತರದಲ್ಲಿ ಈ ಎರಡರ ಕೊನೆಗಳು ಕರಗಿ ಅಲಕನಂದೆಯಾಗುತ್ತವೆ. ಮಾಣಾ ಗ್ರಾಮದ ಬಳಿ ಸರಸ್ವತಿಯೆಂಬ ತೊರೆಯನ್ನು ಕೂಡಿಕೊಂಡು, ಬದರೀನಾಥ ದೇವಾಲಯದ ಪಾದದಲ್ಲಿ ಹರಿದು, ನದಿ ದಕ್ಷಿಣಕ್ಕೆ ಇಳಿಯತೊಡಗುತ್ತದೆ.

ಮುಂದಿನ ಹಾದಿಯನ್ನು ಯಾತ್ರಿಕರು ಐದು ಪ್ರಯಾಗಗಳಿಂದ ಗುರುತಿಸುತ್ತಾರೆ. ವಿಷ್ಣುಪ್ರಯಾಗದಲ್ಲಿ ನೀತಿ ಕಣಿವೆಯಿಂದ ಬರುವ ಧೌಲಿಗಂಗೆ, ನಂದಪ್ರಯಾಗದಲ್ಲಿ ನಂದಾಕಿನಿ, ಕರ್ಣಪ್ರಯಾಗದಲ್ಲಿ ಪಿಂಡರ, ರುದ್ರಪ್ರಯಾಗದಲ್ಲಿ ಕೇದಾರದಿಂದ ಇಳಿಯುವ ಮಂದಾಕಿನಿ, ಕೊನೆಗೆ ದೇವಪ್ರಯಾಗದಲ್ಲಿ ಭಾಗೀರಥಿ ಇವು ಕ್ರಮವಾಗಿ ಸೇರುತ್ತವೆ. ದೇವಪ್ರಯಾಗದಿಂದ ಕೆಳಗೆ ನದಿಯ ಹೆಸರು ಗಂಗೆ. ಈ ಪ್ರಯಾಗಗಳಲ್ಲಿ ಕೂಡುವ ಪ್ರತಿಯೊಂದು ನದಿಯೂ ತನ್ನದೇ ಆದ ಹಿಮನದಿಗಳಿಂದ ನೀರು ಪಡೆಯುತ್ತದೆ. ಧೌಲಿಯನ್ನು ರೈಣಿ ಗ್ರಾಮದ ಬಳಿ ಕೂಡುವ ಋಷಿಗಂಗೆ, ೭,೮೧೬ ಮೀಟರು ಎತ್ತರದ ನಂದಾದೇವಿಯನ್ನು ಸುತ್ತುವರಿದ ಹಿಮಪ್ರದೇಶದ ನೀರನ್ನೆಲ್ಲ ಒಂದೇ ಕಮರಿಯ ಮೂಲಕ ಹೊರಕ್ಕೆ ತರುತ್ತದೆ. ೧೯೩೪ರಲ್ಲಿ ಎರಿಕ್ ಶಿಪ್ಟನ್ ಮತ್ತು ಟಿಲ್ಮನ್ ಎಂಬ ಪರ್ವತಾರೋಹಿಗಳು ಆ ಕಮರಿಯನ್ನು ದಾಟಿ ಒಳನಾಡನ್ನು ಪ್ರವೇಶಿಸಿದುದು ಅಂದಿನ ಕಾಲಕ್ಕೆ ಒಂದು ಸಾಹಸವೆನಿಸಿತ್ತು.

ಉಗಮದಿಂದ ದೇವಪ್ರಯಾಗದವರೆಗೆ ಅಲಕನಂದೆಯ ಉದ್ದ ಸುಮಾರು ೧೯೦ ಕಿಲೋಮೀಟರು. ಈ ಅಂತರದಲ್ಲಿ ಅದು ಮೂರು ಸಾವಿರ ಮೀಟರಿಗೂ ಹೆಚ್ಚು ಇಳಿಯುತ್ತದೆ. ದೇವಪ್ರಯಾಗದಿಂದ ಸಮುದ್ರದವರೆಗೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಗಂಗೆಗೆ ಇಳಿಯಲು ಉಳಿದಿರುವುದು ೫೦೦ ಮೀಟರಿಗೂ ಕಡಮೆ. ನದಿಯ ಸ್ವಭಾವವನ್ನೆಲ್ಲ ಈ ಎರಡು ಲೆಕ್ಕಗಳು ತಿಳಿಸುತ್ತವೆ. ಕಡಿದಾದ ಇಳಿಜಾರಿನಲ್ಲಿ ಧಾವಿಸುವ ನೀರು ಬಂಡೆಗಳನ್ನು ಉರುಳಿಸಬಲ್ಲದು, ದಂಡೆಯ ಬುಡವನ್ನು ಕೊರೆಯಬಲ್ಲದು. ಅದರ ಜೊತೆಗೆ, ಭೂಪದರಗಳು ಒಂದರ ಮೇಲೊಂದು ನುಗ್ಗಿ ಸೀಳಿರುವ ಪ್ರದೇಶವನ್ನು ನದಿ ಜೋಶೀಮಠದ ಕೆಳಗೆ ಹೇಲಂಗದ ಬಳಿ ಹಾಯುವುದರಿಂದ ಅಲ್ಲಿನ ಬೆಟ್ಟಗಳು ಸಡಿಲವಾದುವು, ಭೂಕಂಪಕ್ಕೆ ಈಡಾದುವು.

೨. ನದಿಯ ವರ್ಷ, ಜನರ ವರ್ಷ

ಮಳೆಯನ್ನೇ ನಂಬಿದ ದಕ್ಷಿಣದ ನದಿಗಳು ಬೇಸಗೆಯಲ್ಲಿ ಬಡವಾಗುತ್ತವೆ. ಅಲಕನಂದೆ ಚಳಿಗಾಲದಲ್ಲಿ ಬಡವಾಗಿ ಬೇಸಗೆಯಲ್ಲಿ ತುಂಬುತ್ತದೆ. ಚಳಿಗಾಲದಲ್ಲಿ ಮೇಲಿನ ನೀರೆಲ್ಲ ಹಿಮವಾಗಿ ಕಟ್ಟಿಕೊಂಡಿರುವಾಗ ಪ್ರವಾಹ ತೆಳುವಾಗಿ ತಿಳಿಯಾಗಿರುತ್ತದೆ. ವೈಶಾಖ ಜ್ಯೇಷ್ಠಗಳಲ್ಲಿ ಹಿಮ ಕರಗತೊಡಗಿ, ಮಂಜುಗಡ್ಡೆಯ ತಿಕ್ಕಾಟದಿಂದ ಹಿಟ್ಟಾದ ಕಲ್ಲಿನ ಪುಡಿ ಬೆರೆತು ನೀರು ಬೂದುಬಣ್ಣ ತಾಳುತ್ತದೆ; ನಡುಹಗಲಿನ ಬಿಸಿಲಿಗೆ ಕರಗಿದ ನೀರು ಸಂಜೆಯ ಹೊತ್ತಿಗೆ ಮಟ್ಟವನ್ನು ಏರಿಸುತ್ತದೆ. ಆಷಾಢದಿಂದ ಭಾದ್ರಪದದವರೆಗೆ ಮುಂಗಾರು ಮಳೆ ಇದಕ್ಕೆ ಕೂಡುತ್ತದೆ. ಕರಗುವ ಹಿಮವೂ ಸುರಿಯುವ ಮಳೆಯೂ ಒಂದಾಗುವ ಈ ಕಾಲವೇ ಕಣಿವೆಗೆ ಹೆಚ್ಚು ಅಪಾಯದ ಕಾಲ.

ಜನಜೀವನ ಈ ಕ್ರಮವನ್ನೇ ಅನುಸರಿಸಿ ರೂಪುಗೊಂಡಿತು. ಮಾಣಾ ಮತ್ತು ನೀತಿ ಕಣಿವೆಗಳ ಭೋಟಿಯಾ ಜನರು ಬೇಸಗೆಯಲ್ಲಿ ಮೇಲಿನ ಊರುಗಳಲ್ಲಿದ್ದು, ಗಿರಿದ್ವಾರಗಳನ್ನು ದಾಟಿ ಟಿಬೆಟ್ಟಿನೊಡನೆ ಧಾನ್ಯಕ್ಕೆ ಉಪ್ಪು, ಬಿಳಿಗಾರ, ಉಣ್ಣೆಗಳನ್ನು ವಿನಿಮಯ ಮಾಡಿಕೊಂಡು, ಚಳಿಗಾಲಕ್ಕೆ ಕೆಳಗಿನ ಊರುಗಳಿಗೆ ಇಳಿಯುತ್ತಿದ್ದರು. ೧೯೬೨ರ ಯುದ್ಧದೊಡನೆ ಆ ವ್ಯಾಪಾರ ನಿಂತುಹೋಯಿತು. ದೇವತೆಗಳೂ ಈ ನಿಯಮಕ್ಕೆ ಹೊರತಲ್ಲ: ಬದರೀನಾಥದ ಬಾಗಿಲು ಮುಚ್ಚಿದ ಮೇಲೆ ಪೂಜೆ ಪಾಂಡುಕೇಶ್ವರ ಜೋಶೀಮಠಗಳಿಗೂ, ಕೇದಾರದ ಪೂಜೆ ಊಖೀಮಠಕ್ಕೂ ಇಳಿದುಬರುತ್ತದೆ. ಕತ್ಯೂರಿ ವಂಶದ ಲಲಿತಶೂರದೇವನ ತಾಮ್ರಶಾಸನಗಳು ಆ ಪಾಂಡುಕೇಶ್ವರದಲ್ಲಿಯೇ ದೊರೆತಿವೆಯಾದ್ದರಿಂದ, ಈ ಇಕ್ಕಟ್ಟಾದ ಕಣಿವೆ ಸಾವಿರ ವರ್ಷಗಳಿಗೂ ಹಿಂದೆಯೇ ವ್ಯವಸ್ಥಿತ ರಾಜ್ಯಾಡಳಿತವನ್ನು ಕಂಡಿತ್ತೆಂದು ಹೇಳಬಹುದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂತಹ ಕಣಿವೆಯಲ್ಲಿ ಊರು ಕಟ್ಟಲು ಮಟ್ಟಸವಾದ ನೆಲ ಎಲ್ಲಿಂದ ಬಂದಿತು? ಅದನ್ನು ಮಾಡಿಕೊಟ್ಟವು ಮೂರು. ಹಿಮನದಿಗಳು ಹಿಂದಕ್ಕೆ ಸರಿಯುವಾಗ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬಗಳು ಒಂದು. ಪುರಾತನ ಗುಡ್ಡಕುಸಿತಗಳ ರಾಶಿ ಇನ್ನೊಂದು. ಮಹಾಪ್ರವಾಹಗಳು ತಂದು ಹರಡಿದ ಮರಳು ಜಲ್ಲಿಗಳ ಮೆಟ್ಟಿಲುದಂಡೆಗಳು ಮೂರನೆಯದು. ಕೇದಾರನಾಥ ಮೊದಲನೆಯ ಬಗೆಯ ನೆಲದ ಮೇಲೆ, ಜೋಶೀಮಠ ಎರಡನೆಯದರ ಮೇಲೆ, ಶ್ರೀನಗರ ಮೂರನೆಯದರ ಮೇಲೆ ನಿಂತಿವೆ. ಎಂದರೆ, ಮನುಷ್ಯನನ್ನು ಕರೆದು ನೆಲೆ ಕೊಟ್ಟ ಸಮತಲವೆಲ್ಲ ಒಂದಲ್ಲ ಒಂದು ಹಳೆಯ ಉತ್ಪಾತದ ಉಳಿಕೆ. ಮುಂದಿನ ಇತಿಹಾಸಕ್ಕೆಲ್ಲ ಈ ಸಂಗತಿಯೇ ಬೀಗದ ಕೈ.

೩. ಶ್ರೀನಗರ: ರಾಜಧಾನಿಯೂ ನದಿಯೂ

ಕಣಿವೆ ಅಗಲವಾಗಿ ತೆರೆದುಕೊಳ್ಳುವ ಸ್ಥಳಗಳಲ್ಲಿ ಮುಖ್ಯವಾದದ್ದು ಗಢವಾಲದ ಶ್ರೀನಗರ. ಸುಮಾರು ೫೬೦ ಮೀಟರು ಎತ್ತರದಲ್ಲಿ, ಎಡದಂಡೆಯ ವಿಶಾಲವಾದ ಮೆಟ್ಟಿಲುನೆಲದ ಮೇಲೆ ಪನ್ವಾರ ವಂಶದ ಅರಸರು ತಮ್ಮ ರಾಜಧಾನಿಯನ್ನು ಕಟ್ಟಿಕೊಂಡರು. ಅಜಯಪಾಲನು ದೇವಲಗಢದಿಂದ ಇಲ್ಲಿಗೆ ಬಂದನೆಂಬುದು ಪರಂಪರೆ. ಯಾತ್ರೆಯ ದಾರಿ, ಬಯಲಿನ ಧಾನ್ಯ, ಮೇಲಿನ ಕಣಿವೆಗಳ ವ್ಯಾಪಾರ ಎಲ್ಲವೂ ಈ ಸ್ಥಳವನ್ನು ಹಾದುಹೋಗುತ್ತಿದ್ದುದರಿಂದ ಆಯ್ಕೆ ಸಮಂಜಸವಾದದ್ದೇ.

೧೮೦೩ರ ಸೆಪ್ಟೆಂಬರಿನಲ್ಲಿ ಸಂಭವಿಸಿದ ಭೂಕಂಪದಿಂದ ಅರಮನೆಯೂ ಊರೂ ಬಹುವಾಗಿ ಕೆಟ್ಟುವು. ಅದರ ಬೆನ್ನಿಗೇ ಗೂರ್ಖರ ಸೈನ್ಯ ಬಂದಿತು. ೧೮೦೪ರಲ್ಲಿ ಡೆಹರಾಡೂನಿನ ಬಳಿಯ ಖುರಬುಡಾದಲ್ಲಿ ಪ್ರದ್ಯುಮ್ನ ಶಾಹನು ಹತನಾದನು. ರಾಜ್ಯದ ಪತನಕ್ಕೆ ಭೂಕಂಪವೇ ಕಾರಣವೆಂದು ಹೇಳಲಾಗದು. ಅರಮನೆಯ ಒಳಜಗಳಗಳು ಮೊದಲೇ ಇದ್ದುವು. ಆದರೂ ಕುಸಿದ ರಾಜಧಾನಿಯಿಂದ ಯುದ್ಧ ನಡೆಸಬೇಕಾಗಿ ಬಂದ ಅರಸನ ಸ್ಥಿತಿಯನ್ನು ವಿವರಿಸುವಾಗ ಭೂಕಂಪವನ್ನು ಬಿಟ್ಟುಬಿಡುವುದು ಸರಿಯಲ್ಲ.

೧೮೧೫ರಲ್ಲಿ ಗೂರ್ಖರು ಸೋತ ಮೇಲೆ ಕಂಪನಿ ಸರಕಾರವು ನದಿಯನ್ನೇ ಎಲ್ಲೆಯಾಗಿ ಮಾಡಿತು. ಅಲಕನಂದೆ ಮಂದಾಕಿನಿಗಳ ಪಶ್ಚಿಮದ ನಾಡು ಸುದರ್ಶನ ಶಾಹನಿಗೆ ಹಿಂದಿರುಗಿತು. ಪೂರ್ವದ ನಾಡು ಬ್ರಿಟಿಷ್ ಗಢವಾಲವಾಯಿತು. ಶ್ರೀನಗರ ಕಂಪನಿಯ ಪಾಲಿಗೆ ಸೇರಿದುದರಿಂದ ಅರಸನು ಭಾಗೀರಥಿಯ ಕಣಿವೆಯಲ್ಲಿ ಟೆಹರಿಯನ್ನು ಕಟ್ಟಿಸಿದನು. ಎರಡು ದಂಡೆಗಳನ್ನು ಶತಮಾನಗಳಿಂದ ಕೂಡಿಸಿದ್ದ ನದಿ ಹೀಗೆ ಒಂದು ಲೇಖನಿಯ ಗೆರೆಯಿಂದ ಎರಡು ಆಡಳಿತಗಳನ್ನು ಬೇರ್ಪಡಿಸುವ ಗಡಿಯಾಯಿತು.

೪. ಉಗಮದ ಪ್ರಶ್ನೆ

ಇದೇ ಅವಧಿಯಲ್ಲಿ ಯೂರೋಪಿನ ಭೂಗೋಳಜ್ಞರಿಗೆ ಮುಖ್ಯವಾಗಿ ಕಂಡ ಪ್ರಶ್ನೆ ಮತ್ತೊಂದು. ಹದಿನೆಂಟನೆಯ ಶತಮಾನದ ನಕ್ಷೆಗಳು ಗಂಗೆಯ ಮೂಲವನ್ನು ಹಿಮಾಲಯದ ಆಚೆ, ಮಾನಸ ಸರೋವರದ ಪ್ರದೇಶದಲ್ಲಿ ತೋರಿಸುತ್ತಿದ್ದುವು. ಇದನ್ನು ಪರೀಕ್ಷಿಸಲು ೧೮೦೮ರಲ್ಲಿ ವೆಬ್, ರೇಪರ್, ಹಿಯರ್ಸೆ ಎಂಬ ಮೂವರು ಹೊರಟರು. ಗಂಗೋತ್ರಿಯನ್ನು ಸ್ವತಃ ತಲುಪಲಾರದೆ ತಮ್ಮ ಮುನ್ಶಿಯನ್ನು ಮುಂದಕ್ಕೆ ಕಳುಹಿಸಿ, ಬಳಿಕ ಅಲಕನಂದೆಯ ದಾರಿ ಹಿಡಿದು ಬದರೀನಾಥದವರೆಗೆ ಹೋಗಿಬಂದರು. ೧೮೧೨ರಲ್ಲಿ ಮೂರ್‌ಕ್ರಾಫ್ಟನು ಹಿಯರ್ಸೆಯೊಡನೆ ಗೋಸಾಯಿಗಳ ವೇಷದಲ್ಲಿ ನೀತಿ ಕಣಿವೆಯನ್ನು ದಾಟಿ ಮಾನಸ ಸರೋವರವನ್ನು ಕಂಡನು. ೧೮೧೭ರಲ್ಲಿ ಹಾಡ್ಜ್‌ಸನ್ನನು ಭಾಗೀರಥಿಯ ಹಿಮನದಿಯ ಮುಖವನ್ನು, ಎಂದರೆ ಗೋಮುಖವನ್ನು, ತಲುಪಿದನು. ಗಂಗೆ ಹಿಮಾಲಯದ ಈಚೆಗೇ ಹುಟ್ಟುವುದೆಂಬುದು ಸ್ಥಿರಪಟ್ಟಿತು.

ಪರಂಪರೆ ಭಾಗೀರಥಿಯನ್ನು ಗಂಗೆಯ ಮೂಲವೆನ್ನುತ್ತದೆ; ನೀರಿನ ಪ್ರಮಾಣವನ್ನು ಲೆಕ್ಕಿಸುವವರು ಅಲಕನಂದೆಯನ್ನು ಮುಖ್ಯಧಾರೆಯೆಂದು ಎಣಿಸುತ್ತಾರೆ. ಎರಡು ಮಾತುಗಳೂ ತಮ್ಮ ತಮ್ಮ ಕ್ಷೇತ್ರದಲ್ಲಿ ಸರಿಯಾದುವೇ. ಆದರೆ ಒಂದೇ ಉಗಮವನ್ನು ಹುಡುಕುವ ಈ ಕುತೂಹಲವು ಕಣಿವೆಯ ಜನರಿಗೆ ಹೆಚ್ಚು ಮುಖ್ಯವಾದ ಸಂಗತಿಯನ್ನು ಮರೆಮಾಡಿತು. ಅಲಕನಂದೆಗೆ ಉಗಮ ಒಂದಲ್ಲ. ಪ್ರತಿ ಪ್ರಯಾಗದ ಹಿಂದೆ ಒಂದೊಂದು ಉಗಮವಿದೆ. ಅದರಿಂದ ಬರುವ ಅಪಾಯವೂ ಬೇರೆ ಬೇರೆಯೇ. ಮುಖ್ಯ ನದಿ ಶಾಂತವಾಗಿರುವಾಗಲೇ, ಹೆಸರು ಕೇಳಿಲ್ಲದ ಒಂದು ಉಪನದಿ ಕೆಳಗಿನ ಊರುಗಳನ್ನು ಅಳಿಸಿಹಾಕಬಲ್ಲದು. ಬಿರಹಿಗಂಗೆಯಿಂದ ಈ ಪಾಠ ದೊರೆಯಿತು.

೫. ಗೋಹನಾ ಸರೋವರ, ೧೮೯೩–೧೮೯೪

ಬಿರಹಿಗಂಗೆ ಚಮೋಲಿಗೆ ಮೇಲೆ ಅಲಕನಂದೆಯನ್ನು ಸೇರುವ ಸಣ್ಣ ನದಿ. ೧೮೯೩ರ ಸೆಪ್ಟೆಂಬರಿನಲ್ಲಿ, ಮಳೆಗಾಲದ ಕೊನೆಗೆ, ಗೋಹನಾ ಗ್ರಾಮದ ಬಳಿ ಒಂದು ಬೆಟ್ಟದ ಪಾರ್ಶ್ವವೇ ಕುಸಿದು ನದಿಗೆ ಅಡ್ಡಲಾಗಿ ಬಿದ್ದಿತು. ಹೀಗೆ ಉಂಟಾದ ಕಟ್ಟೆಯ ಎತ್ತರ ಸುಮಾರು ೯೦೦ ಅಡಿ. ಅದರ ಹಿಂದೆ ನೀರು ನಿಂತು ಸರೋವರವಾಗತೊಡಗಿತು.

ಸರಕಾರ ಈ ಸಂದರ್ಭದಲ್ಲಿ ನಡೆದುಕೊಂಡ ರೀತಿಯನ್ನು ವಿವರವಾಗಿ ಗಮನಿಸಬೇಕು. ಲೆಫ್ಟಿನೆಂಟ್ ಕರ್ನಲ್ ಪುಲ್‌ಫರ್ಡ್ ಎಂಬ ಇಂಜಿನಿಯರು ಸ್ಥಳವನ್ನು ಪರೀಕ್ಷಿಸಿ, ನೀರು ಏರುತ್ತಿದ್ದ ವೇಗವನ್ನೂ ಮುಂದಿನ ಮಳೆಯನ್ನೂ ಲೆಕ್ಕಹಾಕಿ, ೧೮೯೪ರ ಆಗಸ್ಟ್ ಮಧ್ಯದ ವೇಳೆಗೆ ಸರೋವರ ತುಂಬಿ ಹೊರಚೆಲ್ಲುವುದೆಂದು ಅಂದಾಜು ಮಾಡಿದನು. ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಹಾಲೆಂಡನು ಕಟ್ಟೆಯ ರಚನೆಯನ್ನು ಪರಿಶೀಲಿಸಿ ವರದಿ ಕೊಟ್ಟನು. ಅಷ್ಟು ದೊಡ್ಡ ರಾಶಿಯನ್ನು ಕಡಿದು ನೀರನ್ನು ಬಿಡುವುದು ಅಸಾಧ್ಯವೆಂಬುದು ಸ್ಪಷ್ಟವಾಗಿತ್ತು. ಆದ್ದರಿಂದ ಅಧಿಕಾರಿಗಳು ನೀರನ್ನು ತಡೆಯುವ ಯತ್ನವನ್ನು ಬಿಟ್ಟು ಜನರನ್ನು ಉಳಿಸುವ ಯತ್ನಕ್ಕೆ ತೊಡಗಿದರು. ಸರೋವರದಿಂದ ಹರಿದ್ವಾರದವರೆಗೆ ತಂತಿಯ ಸಂಪರ್ಕ ಏರ್ಪಟ್ಟಿತು. ತೂಗುಸೇತುವೆಗಳನ್ನು ಬಿಚ್ಚಿ ತೆಗೆದಿಟ್ಟರು. ಪ್ರವಾಹ ಏರಬಹುದಾದ ಮಟ್ಟವನ್ನು ಅಂದಾಜು ಮಾಡಿ, ಅದರ ಕೆಳಗಿದ್ದವರನ್ನು ಎತ್ತರದ ನೆಲಕ್ಕೆ ಕಳುಹಿಸಿದರು. ಸರೋವರದ ದಂಡೆಯಲ್ಲಿ ಲೆಫ್ಟಿನೆಂಟ್ ಕ್ರೂಕ್‌ಶಾಂಕನು ಕಾವಲಿದ್ದು ನೀರಿನ ಮಟ್ಟವನ್ನು ಗಮನಿಸುತ್ತಿದ್ದನು.

ಆಗಸ್ಟ್ ೨೫ರ ಬೆಳಗ್ಗೆ ನೀರು ಕಟ್ಟೆಯ ಮೇಲೆ ಹರಿಯತೊಡಗಿತು. ಅದೇ ದಿನ ನಡುರಾತ್ರಿಯ ಸುಮಾರಿಗೆ ಕಟ್ಟೆ ಒಡೆಯಿತು. ಸುಮಾರು ಸಾವಿರ ಕೋಟಿ ಘನ ಅಡಿ ನೀರು ಕೆಲವೇ ಗಂಟೆಗಳಲ್ಲಿ ಇಳಿದುಹೋಯಿತು. ಚಮೋಲಿಯಲ್ಲಿ ನದಿ ಸುಮಾರು ೧೬೦ ಅಡಿ ಏರಿತು. ಶ್ರೀನಗರದ ಹಳೆಯ ಊರು, ಅರಮನೆಯ ಅವಶೇಷಗಳ ಸಹಿತ, ಕೊಚ್ಚಿಹೋಯಿತು. ಆದರೆ ಇಡೀ ಕಣಿವೆಯಲ್ಲಿ ಪ್ರಾಣ ಕಳೆದುಕೊಂಡವರು ಐವರು ಮಾತ್ರ: ಒಬ್ಬ ಫಕೀರನೂ ಅವನ ಕುಟುಂಬದವರೂ. ಅವರನ್ನು ಅಪಾಯದ ಸ್ಥಳದಿಂದ ಒಮ್ಮೆ ಹೊರಕ್ಕೆ ಕಳುಹಿಸಿಯಾಗಿತ್ತು. ಅವರು ಮರಳಿ ಬಂದಿದ್ದರು. ಮರುವರ್ಷಗಳಲ್ಲಿ ಹೊಸ ಶ್ರೀನಗರವನ್ನು ಮೇಲಿನ ಮೆಟ್ಟಿಲಿನ ಮೇಲೆ, ನೇರವಾದ ಬೀದಿಗಳ ಚೌಕಪದ್ಧತಿಯಲ್ಲಿ ಕಟ್ಟಿದರು.

ಇದನ್ನು ಪರಕೀಯ ಆಡಳಿತದ ಹಿರಿಮೆಯ ಸಾಕ್ಷ್ಯವಾಗಿ ಓದುವುದು ತಪ್ಪಾದೀತು. ಹರಿದ್ವಾರದಲ್ಲಿ ಗಂಗಾ ಕಾಲುವೆಯ ತಲೆಕಟ್ಟುಗಳಿದ್ದುವು. ಅವುಗಳ ಮೇಲೆ ಸರಕಾರಕ್ಕಿದ್ದ ಕಾಳಜಿಯೂ ಆ ಎಚ್ಚರಕ್ಕೆ ಕಾರಣವಾಗಿತ್ತು. ಅಲ್ಲದೆ ಆ ಉತ್ಪಾತವು ಸುಮಾರು ಒಂದು ವರ್ಷದ ಕಾಲಾವಕಾಶವನ್ನು ಕೊಟ್ಟಿತ್ತು. ಆದರೆ ದೊರೆತ ಕಾಲವನ್ನು ವ್ಯರ್ಥ ಮಾಡದೆ, ಮೇಲಿನ ಉಪನದಿಯ ಮೇಲೆ ಕಣ್ಣಿಟ್ಟು, ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸಿದುದು ನಿಜ.

೬. ಮರೆವಿನ ಕಾಲ

ಒಡೆದ ಕಟ್ಟೆಯ ಹಿಂದೆ ಸರೋವರದ ಒಂದು ಭಾಗ ಉಳಿದಿತ್ತು. ಅದು ಎಪ್ಪತ್ತಾರು ವರ್ಷ ಬಾಳಿತು. ೧೯೭೦ರ ಜುಲೈ ೨೦ರಂದು ಸುರಿದ ಘೋರ ಮಳೆಯಲ್ಲಿ ಬೆಟ್ಟಗಳಿಂದ ಇಳಿದ ಕಲ್ಲುಮಣ್ಣು ಅದನ್ನು ತುಂಬಿ, ಉಳಿದ ಕಟ್ಟೆಯೂ ಒಡೆಯಿತು. ಬೇಲಾಕೂಚಿ ಎಂಬ ಊರು ಅಲ್ಲಿ ನಿಂತಿದ್ದ ಬಸ್ಸುಗಳ ಸಮೇತ ಕೊಚ್ಚಿಹೋಯಿತು. ಹರಿದ್ವಾರದಲ್ಲಿ ಗಂಗಾ ಕಾಲುವೆ ಹೂಳಿನಿಂದ ತುಂಬಿತು. ಮೇಲಿನ ಇಳಿಜಾರುಗಳ ಕಾಡು ಕಡಿದುದಕ್ಕೂ ಈ ಹಾನಿಗೂ ಸಂಬಂಧವಿದೆಯೆಂದು ಕಂಡುಕೊಂಡವರು ಹಳ್ಳಿಗರು. ೧೯೭೩ರಲ್ಲಿ ಚಂಡೀಪ್ರಸಾದ ಭಟ್ಟರ ಮುಂದಾಳುತನದಲ್ಲಿ ಮಂಡಲ ಗ್ರಾಮದ ಬಳಿಯಲ್ಲೂ, ೧೯೭೪ರ ಮಾರ್ಚಿಯಲ್ಲಿ ಗೌರಾದೇವಿಯವರ ನೇತೃತ್ವದಲ್ಲಿ ರೈಣಿಯ ಮಹಿಳೆಯರಿಂದಲೂ ನಡೆದ ಚಿಪ್ಕೋ ಚಳವಳಿಯ ಹಿನ್ನೆಲೆಯಲ್ಲಿ ಈ ಪ್ರವಾಹದ ನೆನಪಿತ್ತು. ೧೯೭೬ರಲ್ಲಿ ಮಿಶ್ರಾ ಸಮಿತಿಯು ಜೋಶೀಮಠವು ಹಳೆಯ ಕುಸಿತದ ರಾಶಿಯ ಮೇಲೆ ನಿಂತಿದೆಯೆಂದೂ, ಅಲ್ಲಿ ಭಾರವಾದ ಕಟ್ಟಡಗಳು ತರವಲ್ಲವೆಂದೂ ತಿಳಿಸಿತು. ಊರು ಬೆಳೆಯುತ್ತಲೇ ಹೋಯಿತು. ೨೦೨೩ರ ಜನವರಿಯಲ್ಲಿ ನೆಲ ಕುಸಿದು ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟುವು.

ಕನ್ನಡಿಗರಿಗೆ ಮಂದಾಕಿನಿಯ ಕಣಿವೆ ದೂರದ್ದಲ್ಲ. ಕೇದಾರದ ಪೂಜಾಧಿಕಾರ ಪರಂಪರೆಯಿಂದ ವೀರಶೈವ ಜಂಗಮರದು; ಅರ್ಚಕರು ಕರ್ನಾಟಕದಿಂದ ಅಲ್ಲಿಗೆ ಹೋಗುತ್ತಾರೆ. ಊಖೀಮಠ ವೀರಶೈವರ ಪಂಚಪೀಠಗಳಲ್ಲೊಂದು. ಸುಮಾರು ೩,೫೮೦ ಮೀಟರು ಎತ್ತರದ ಕೇದಾರನಾಥವು ಚೋರಾಬಾರಿ ಹಿಮನದಿಯ ಮುಂದೆ, ಅದು ತಂದು ಹರಡಿದ ಕಲ್ಲುಮಣ್ಣಿನ ಮೇಲಿದೆ. ನದಿ ಬಹುಕಾಲದಿಂದ ಪಶ್ಚಿಮದ ಪಾತ್ರದಲ್ಲಿ ಹರಿಯುತ್ತಿದ್ದುದರಿಂದ, ತೊರೆದ ಪೂರ್ವದ ಪಾತ್ರದ ಕಡೆಗೂ ಕಟ್ಟಡಗಳು ಹಬ್ಬಿದುವು. ೨೦೧೩ರ ಜೂನ್ ೧೬ ಮತ್ತು ೧೭ರಂದು, ಅಕಾಲದಲ್ಲಿ ಬಂದ ಭಾರಿ ಮಳೆಯ ಜೊತೆಗೆ ಹಿಮನದಿಯ ಪಕ್ಕದ ಚೋರಾಬಾರಿ ಸರೋವರ ಒಡೆದಾಗ, ನದಿ ತನ್ನ ಹಳೆಯ ಪಾತ್ರಕ್ಕೆ ಮರಳಿತು. ದೇವಾಲಯ ಉಳಿಯಿತು, ಸುತ್ತಲಿನ ಊರು ಉಳಿಯಲಿಲ್ಲ. ಉತ್ತರಾಖಂಡದಲ್ಲಿ ಸಹಸ್ರಾರು ಜನರು ಮಡಿದರು. ಕೆಳಗೆ ಶ್ರೀನಗರದ ತಗ್ಗಿನ ಬಡಾವಣೆಗಳು ಮತ್ತೆ ಹೂಳಿನಲ್ಲಿ ಮುಚ್ಚಿಹೋದುವು.

೨೦೨೧ರ ಫೆಬ್ರುವರಿ ೭ರ ಘಟನೆ ಮತ್ತೊಂದು ಬಗೆಯದು. ರೋಂಟಿ ಶಿಖರದ ಪಾರ್ಶ್ವದಿಂದ ಸುಮಾರು ೨.೭ ಕೋಟಿ ಘನ ಮೀಟರಿನಷ್ಟು ಬಂಡೆಯೂ ಮಂಜುಗಡ್ಡೆಯೂ ಕಳಚಿಬಿದ್ದು, ಋಷಿಗಂಗೆ ಧೌಲಿಗಂಗೆಗಳ ಹಾದಿಯಲ್ಲಿ ಕೆಸರಿನ ಗೋಡೆಯಾಗಿ ನುಗ್ಗಿತು. ಎರಡು ಜಲವಿದ್ಯುತ್ ಯೋಜನೆಗಳು ಹಾಳಾದುವು. ಇನ್ನೂರಕ್ಕೂ ಹೆಚ್ಚು ಜನ, ಬಹುಪಾಲು ಕೂಲಿಕಾರರು, ಪ್ರಾಣ ಕಳೆದುಕೊಂಡರು. ಅದು ಮಳೆಗಾಲವಲ್ಲ, ನದಿ ವರ್ಷದಲ್ಲೇ ಅತ್ಯಂತ ತೆಳುವಾಗಿದ್ದ ಚಳಿಗಾಲ. ಗೋಹನಾದಲ್ಲಿ ದೊರೆತ ಒಂದು ವರ್ಷದ ಅವಕಾಶ ಇಲ್ಲಿ ನಿಮಿಷಗಳಿಗೆ ಇಳಿದಿತ್ತು. ಆದ್ದರಿಂದ ೧೮೯೪ರ ಯಶಸ್ಸನ್ನು ಮುಂದಿಟ್ಟು ೨೦೨೧ರ ವೈಫಲ್ಯವನ್ನು ಅಳೆಯುವುದು ನ್ಯಾಯವಲ್ಲ. ಎಚ್ಚರಿಕೆಗೆ ಕಾಲವಿಲ್ಲದ ಕಣಿವೆಗಳಲ್ಲಿ ಯಾವ ಸ್ಥಳದಲ್ಲಿ ಏನನ್ನು ಕಟ್ಟಬೇಕೆಂಬ ಪ್ರಶ್ನೆಯನ್ನು ಕಟ್ಟುವ ಮೊದಲೇ ಕೇಳಬೇಕಾಗುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳಲು ಹಳೆಯ ಪ್ರವಾಹಗಳ ದಾಖಲೆಯೂ ಬೇಕು.

೭. ಉಪಸಂಹಾರ

ಮೇಲಿನ ವಿವರಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಹಿಮನದಿಯಿಂದ ಹುಟ್ಟುವ ಪರ್ವತನದಿಯಲ್ಲಿ ಮಹಾಪ್ರವಾಹವೆಂಬುದು ಅಪವಾದವಲ್ಲ. ಕಣಿವೆಯನ್ನು ರೂಪಿಸುವ ವ್ಯಾಪಾರದಲ್ಲಿ ಅದೂ ಒಂದು ಅಂಗ. ಅಲ್ಲಿನ ಸಮತಲವಾದ ಪ್ರತಿಯೊಂದು ನೆಲವೂ ಓದಬಲ್ಲವರಿಗೆ ಒಂದು ಶಾಸನವೇ ಸರಿ. ಇನ್ನು, ೧೮೯೪ಕ್ಕೂ ೧೯೭೦ಕ್ಕೂ ನಡುವೆ ಎಪ್ಪತ್ತಾರು ವರ್ಷ, ೧೯೭೦ಕ್ಕೂ ೨೦೧೩ಕ್ಕೂ ನಡುವೆ ನಲವತ್ತಮೂರು ವರ್ಷ ಸಂದಿವೆ. ಕಣ್ಣಾರೆ ಕಂಡವರ ನೆನಪು ಮಾಸುವುದಕ್ಕೆ ಅಷ್ಟು ಕಾಲ ಸಾಕು. ನದಿಯ ಲೆಕ್ಕದಲ್ಲಿ ಅದು ಅಲ್ಪಕಾಲ.

ಜನರ ನೆನಪು ನಿಲ್ಲುವಲ್ಲಿ ಇತಿಹಾಸಕಾರನ ಕೆಲಸ ತೊಡಗುತ್ತದೆ. ಭೂವಿಜ್ಞಾನಿ ನೆಲವನ್ನು ಅಗೆದು ಪ್ರವಾಹದ ಪದರವನ್ನು ತೋರಿಸಬಲ್ಲನು. ಆ ಪದರ ಬಿದ್ದ ವರ್ಷ ಯಾರು ಎಲ್ಲಿದ್ದರು, ಯಾರು ಎಚ್ಚರಿಸಿದರು, ಯಾರು ಕೇಳಿದರು ಎಂಬುದನ್ನು ದಫ್ತರಗಳಿಂದಲೂ ಪ್ರವಾಸಕಥನಗಳಿಂದಲೂ ಮಠಮಂದಿರಗಳ ಕಡತಗಳಿಂದಲೂ ಹೊರತೆಗೆಯಬೇಕಾದವನು ಇತಿಹಾಸದ ವಿದ್ಯಾರ್ಥಿ. ಶ್ರೀನಗರದ ಅರಸರ ವಂಶಾವಳಿಯನ್ನು ನಾವು ಶ್ರಮಪಟ್ಟು ಕೂಡಿಸಿದ್ದೇವೆ. ಅವರ ಊರು ಎಷ್ಟು ಸಲ ನೀರಿನಲ್ಲಿ ಮುಳುಗಿತೆಂಬ ಪಟ್ಟಿಯನ್ನೂ ಅದರ ಪಕ್ಕದಲ್ಲಿ ಬರೆದಿಡುವುದು ನಮ್ಮ ಶಾಸ್ತ್ರಕ್ಕೆ ಕುಂದಲ್ಲ. ಆ ದಂಡೆಯಲ್ಲಿ ಮುಂದೆ ಮನೆ ಕಟ್ಟುವವನಿಗೆ ವಂಶಾವಳಿಗಿಂತ ಆ ಪಟ್ಟಿಯೇ ಹೆಚ್ಚು ಪ್ರಯೋಜನಕ್ಕೆ ಬಂದೀತು.